ಚಿಗವ್ವನ ತಿಳಿನೀರಿನ ಚಿತ್ರಗಳು

ನಮ್ಮ ಚಿಗವ್ವ ಒಂದು ಇಡೀ ಚಿತ್ರಕ್ಕೆ ಖರ್ಚು ಮಾಡುವ ಬಣ್ಣದಲ್ಲಿ ಬೇರೆಯವರಿಗೆ ಹಣೆಗೊಂದು ಬೊಟ್ಟು ಇಟ್ಟುಕೊಳ್ಳುವುದೂ ಕಷ್ಟ! ಜಲವರ್ಣ ಎಂಬ ಮಾತಿನಲ್ಲಿ ಅವಳಿಗೆ ನಂಬಿಕೆಯಿರುವುದು ಜಲದ ಮೇಲೆ ಮಾತ್ರ.

ಅವ್ವನ ಈ ತಂಗಿ ನೌಕರಿಯಿಂದ ನಿವೃತ್ತಳಾದ ಮೇಲೆ, ಮನಸ್ಸು ಬಂದಾಗಲೆಲ್ಲ ನಗರದ ಗಾಜಿಪುರ ಬಡಾವಣೆಯ ಮನೆಗೆ ಬೀಗ ಹಾಕಿ ಕಮಲಾಪುರದ ಬಸ್ಸು ಹತ್ತುತ್ತಾಳೆ. ಅಲ್ಲಿ ತವರಿನ ಕೆಂಪು ಬಾಳೆಯ ತೋಟದಲ್ಲಿ ಕುಳಿತಳೆಂದರೆ ಮುಗಿಯಿತು. ಎಲೆಗಳ ನಡುವೆ ಮಂಜು ಕರಗುತ್ತದೆ, ಬಿಸಿಲು ಏರಿ ಇಳಿಯುತ್ತದೆ, ಕುಂಚ ಮಾತ್ರ ನೀರಿನ ಬಟ್ಟಲಲ್ಲಿ ತಿರುಗುತ್ತಲೇ ಇರುತ್ತದೆ. ಊರಿಗೇ ಹೆಸರು ತಂದ ಆ ಬಾಳೆಹಣ್ಣು ಅವಳ ಹಾಳೆಗೆ ಇಳಿಯುವ ಹೊತ್ತಿಗೆ ನಾಚಿದ ಕೂಸಿನ ಕೆನ್ನೆಯಷ್ಟೂ ಕೆಂಪಗಿರುವುದಿಲ್ಲ. ಒಮ್ಮೆ ತೋಟದ ಆಳು ಇಣುಕಿ ಕೇಳಿದ, "ಇನ್ನಾ ಸುರು ಮಾಡಿಲ್ಲೇನ್ರಿ ಅಕ್ಕಾರ?"

"ಮುಗೀತಲ್ಲಪ್ಪ" ಎಂದಳು ಚಿಗವ್ವ, ಹಾಳೆಯನ್ನು ಆರಲು ಇಟ್ಟು.

ಇಂಥ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಸುವ ಹಂಬಲ ಅವಳಿಗೆ ಯಾಕೆ ಹುಟ್ಟಿತೋ! ನನ್ನನ್ನೂ ಎಳೆದುಕೊಂಡು ಸ್ಟೇಶನ್ ಬಜಾರಿನ ಝೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯವನು ಒಂದು ಹಾಳೆಯನ್ನು ಸ್ಕ್ಯಾನರಿನಲ್ಲಿಟ್ಟು ಪರದೆ ನೋಡಿದ. ಹಾಳೆಯನ್ನು ಮಗುಚಿ ಇಟ್ಟು ಮತ್ತೆ ನೋಡಿದ.

"ಮೇಡಂ, ಚಿತ್ರ ಯಾವ ಬಾಜೂ ಅದ ರೀ?"

ಆಮೇಲೆ ಅವನೇ ಕಾರಣ ಹೇಳಿದ. "ಈ ಮಶೀನು ಕಾಗದದ ಮ್ಯಾಲಿನ ಹೊಲಸೆಲ್ಲ ತಾನೇ ಸಾಫ್ ಮಾಡ್ತದ ರೀ."

"ಅದು ಹೊಲಸಲ್ಲೋ ತಮ್ಮಾ, ಮುಂಜಾನಿ" ಎಂದಳು ಚಿಗವ್ವ.

ಅವನು ಏನೋ ಒತ್ತಿ ಯಂತ್ರದ ಆ ಸ್ವಚ್ಛತೆಯನ್ನು ನಿಲ್ಲಿಸಿದ. ಪರದೆಯ ಬಿಳುಪಿನಿಂದ ಮೊದಲು ಮಂಜು, ಅದರೊಳಗಿನಿಂದ ಎಲೆಗಳು, ಕೊನೆಗೆ ಒಂದು ತೋಟವೇ ನಿಧಾನವಾಗಿ ಎದ್ದು ಬಂತು. ಆಧಾರ್ ಕಾರ್ಡಿನ ಪ್ರತಿಗೆ ಗಡಿಬಿಡಿ ಮಾಡುತ್ತಿದ್ದವರೂ ಕತ್ತು ಚಾಚಿ ನೋಡತೊಡಗಿದರು.

ಎಲ್ಲ ಚಿತ್ರಗಳನ್ನೂ ಹೀಗೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅಲ್ಲಿಂದ ನೇರ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಬಂದೆವು. ಬಿದ್ದು ಸೊಂಟ ಮುರಿದಾಗಿನಿಂದ ಅವ್ವ ಹಾಸಿಗೆ ಬಿಟ್ಟಿಲ್ಲ; ದೃಷ್ಟಿಯೂ ಮಸುಕಾಗಿದೆ. ಚಿಗವ್ವ ತಂದು ಕೊಟ್ಟ ಹಾಳೆಗಳನ್ನೆಲ್ಲ ಸವರಿ ನೋಡಿ, ಏನೂ ಕಾಣದೆ ಬದಿಗಿಡುತ್ತಿದ್ದಳು. ಆ ದಿನ ನಾನು ಚಿತ್ರವನ್ನು ಟಿವಿಯ ತುಂಬ ದೊಡ್ಡದು ಮಾಡಿ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿದಳು.

"ಬಾವಿ ಕಟ್ಟಿ ಮ್ಯಾಲ ಕುಂತಾಕಿ ನಾನಽ ಏನು?"

ಹತ್ತಿರ ಹೋಗಿ ನೋಡಿದೆ. ಮಂಜಿನೊಳಗೆ ಸೆರಗು ಹೊದ್ದ ಒಂದು ಸಣ್ಣ ಆಕೃತಿ. ಉಳಿದ ಚಿತ್ರಗಳನ್ನೂ ಹಾಕಿದೆ. ಎಲ್ಲದರಲ್ಲೂ ಅವ್ವ ಇದ್ದಳು.

"ನೀ ಎಲ್ಲಿದ್ದೀ?" ಅವ್ವ ತಂಗಿಯನ್ನು ಕೇಳಿದಳು.

"ನಿನ್ನ ಎದುರಿಗೇ ಕುಂತೀನಲ್ಲ ಅಕ್ಕಾ," ಎಂದಳು ಚಿಗವ್ವ, "ನಿನ್ನ ನೋಡ್ಕೋತ."