ತಿಕೋಟಾದ ಪೆಟ್ಟಿಗೆಗೆ ಬಬಲೇಶ್ವರದ ಹೆಸರು

ಮಾನ್ಯರೇ,

ನೆಟ್‌ವರ್ಕಿನ ದಾರಿ ಪತ್ತೆ ಹಚ್ಚುವ ಸಾಫ್ಟ್‌ವೇರ್ ಮಹಾಶಯರಾದ ತಮ್ಮ ಸನ್ನಿಧಿಗೆ ವಿಜಯಪುರದ ಜೋರಾಪುರ ಪೇಟೆಯ ಹೇಮಂತನ ಸಾಷ್ಟಾಂಗ ನಮಸ್ಕಾರಗಳು. ತಾವು ನನ್ನ ಕಂಪ್ಯೂಟರಿನಲ್ಲೇ ವಾಸವಾಗಿದ್ದರೂ ಪತ್ರಿಕೆಯ ಮೂಲಕ ಊರಿಗೆಲ್ಲ ಕೇಳುವಂತೆ ಅಹವಾಲು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ತಿಕೋಟಾ ಮತ್ತು ಬಬಲೇಶ್ವರದಲ್ಲಿ ಒಣದ್ರಾಕ್ಷಿ ಇಡುವ ನಮ್ಮ ಎರಡು ಕೋಲ್ಡ್ ಸ್ಟೋರೇಜ್‌ಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ನೌಕರಿ. ಒಳಗಿನ ತಂಪು ಎಷ್ಟೆಂಬ ಸುದ್ದಿ ಸದಾ ನನಗೆ ಬರುತ್ತಿರಬೇಕು. ಕಳೆದ ರವಿವಾರ ತಿಕೋಟಾದ ಸುದ್ದಿ ನಿಂತುಹೋಯಿತು. ರಜೆಯಾದ್ದರಿಂದ ಅಲ್ಲಿ ಫೋನ್ ಎತ್ತುವವರಿರಲಿಲ್ಲ. ದಾರಿ ಎಲ್ಲಿ ಕಡಿದಿದೆ ಎಂದು ತಮ್ಮನ್ನು ಕೇಳಿದೆ. ತಾವು ದಾರಿಯಲ್ಲಿ ಸಿಗುವ ನೆಟ್‌ವರ್ಕ್ ಪೆಟ್ಟಿಗೆಗಳ ಅಂಕಿ ವಿಳಾಸಗಳನ್ನು ಸೌಜನ್ಯದಿಂದ ಬಚ್ಚಿಟ್ಟು, ಬರೀ ಹೆಸರುಗಳನ್ನು ತೋರಿಸಿ, ಕೊನೆಯ ಸಾಲಿನಲ್ಲಿ ‘ಬಬಲೇಶ್ವರ’ ಎಂದು ಅಪ್ಪಣೆ ಕೊಡಿಸಿದಿರಿ. ತಿಕೋಟಾದ ದಾರಿ ತಪ್ಪಿ ಬಬಲೇಶ್ವರದಲ್ಲಿ ಸತ್ತಿದೆ ಎಂದು ನಂಬಿ, ಬೈಕ್ ಹತ್ತಿ ಅಲ್ಲಿಗೆ ಧಾವಿಸಿದೆ.

ಅಲ್ಲಿನ ಉಸ್ತುವಾರಿ ನಿರ್ಮಲಾ ನನ್ನನ್ನು ಕಂಡು ಗಾಬರಿಯಾದರು. “ಇಲ್ಲೇನೂ ಆಗಿಲ್ರೀ ಸರ್. ನೀವು ಹೇಳೂ ಪೆಟ್ಟಿಗಿ ಹ್ವಾದ ವರ್ಷನ ತಿಕೋಟಾಕ್ಕ ಒಯ್ದಾರಲ್ರಿ!”

ಪೆಟ್ಟಿಗೆ ಹೋಗಿತ್ತು, ಅದರ ಅಂಕಿ ವಿಳಾಸವೂ ಜೊತೆಗೇ ಹೋಗಿತ್ತು. ಹಳೆಯ ಹೆಸರನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ಅಲ್ಲೇ ನಿಂತು ಲ್ಯಾಪ್‌ಟಾಪಿನಲ್ಲಿ ‘ಎನ್’ ಅಕ್ಷರ ಒತ್ತಿದೆ. ಹೆಸರುಗಳು ಸರಿದು ಅಂಕಿಗಳು ಬಂದವು, ನನ್ನ ಪಟ್ಟಿಯ ಪ್ರಕಾರ ಕೊನೆಯದು ತಿಕೋಟಾದ್ದೇ. ಒಂದು ಅಕ್ಷರ ಒತ್ತುವ ತನಕ ಸತ್ಯವನ್ನು ಹಿಡಿದಿಟ್ಟುಕೊಳ್ಳುವ ತಮ್ಮ ಸಂಯಮ ಯಾವ ಋಷಿಗೂ ಬಾರದು.

ತಿಕೋಟಾ ತಲುಪಿದಾಗ ಬೀಗ ಹಾಕಿದ ಬಾಗಿಲಿನ ಮುಂದೆ ಹೊನವಾಡದ ದುಂಡವ್ವ ನಿಂತಿದ್ದರು. ಅಲ್ಲಿ ಒಣದ್ರಾಕ್ಷಿ ಇಟ್ಟಿದ್ದ ರೈತರು, ಮಾಲು ನೋಡಲು ಬಂದವರು.

“ಯಪ್ಪಾ, ಒಳಗ ಮಶೀನ ಸಪ್ಪಳನ ಇಲ್ಲ. ಎಲ್ಲಿ ಹೋಗಿದ್ದಿ?”

“ಬಬಲೇಶ್ವರಕ್ಕ, ಯವ್ವಾ.”

“ಮಾಲ ಇಲ್ಲೈತಿ. ನೀ ಅಲ್ಲಿಗ್ಯಾಕ ಹ್ವಾದಿ?”

ಬೀಗ ತೆಗೆದೆ. ಒಳಗೆ ವಿದ್ಯುತ್ ಕೈಕೊಟ್ಟು, ತಂಪು ಮಾಡುವ ಯಂತ್ರವೂ ಸುದ್ದಿ ಕಳಿಸುವ ಯಂತ್ರವೂ ಒಟ್ಟಿಗೆ ಸುಮ್ಮನಾಗಿದ್ದವು; ಬ್ಯಾಟರಿಯ ಮೇಲಿದ್ದ ಆ ಪೆಟ್ಟಿಗೆಯೊಂದೇ ಎಚ್ಚರವಿತ್ತು. ಇಬ್ಬರೂ ಸೇರಿ ಅವರ ಬಾಕ್ಸುಗಳನ್ನು ವಿದ್ಯುತ್ ಇದ್ದ ಪಕ್ಕದ ಕಟ್ಟಡದ ತಂಪು ಕೋಣೆಗೆ ಹೊತ್ತೆವು. ಬಹಳಷ್ಟು ಉಳಿಯಿತು. ಗೋಡೆಯ ಬದಿಯ ಹಸಿರು ಒಣದ್ರಾಕ್ಷಿ ಮಾತ್ರ ಕಪ್ಪಿಟ್ಟು ಅಂಟಾಗಿತ್ತು. ದುಂಡವ್ವ ಅದರಲ್ಲೊಂದನ್ನು ಬೆರಳಲ್ಲಿ ಹಿಸುಕಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡರು. ನನ್ನತ್ತ ನೋಡಲಿಲ್ಲ.

ಆದಕಾರಣ ವಿನಂತಿ: ತಾವು ಖುದ್ದಾಗಿ ತಿಕೋಟಾಕ್ಕೆ ದಯಮಾಡಿಸಿ, ಆ ಕಪ್ಪು ಮಾಲಿನ ಮೇಲೆ ‘ಹಸಿರು’ ಎಂಬ ಹೆಸರು ತೋರಿಸಿಕೊಡಬೇಕು. ಹೆಸರಿದ್ದರೆ ಸಾಕೆಂಬ ತಮ್ಮ ಸಿದ್ಧಾಂತವನ್ನು ವ್ಯಾಪಾರಿಗಳೂ ಒಪ್ಪಿಯಾರು.

ಇನ್ನು ಮುಂದೆ ಅಂಕಿಗಳನ್ನಷ್ಟೇ ನಂಬಲಿರುವ,
ತಮ್ಮ ವಿಶ್ವಾಸಿ,
ಹೇಮಂತ

ತಾ.ಕ.: ಹೊರಡುವಾಗ ದುಂಡವ್ವ ತಮಗೂ ಒಂದು ಹೆಸರಿಟ್ಟರು. ಅದು ಅಚ್ಚು ಹಾಕಿಸುವಂಥದ್ದಲ್ಲ. ಆದರೆ ಹೆಸರುಗಳ ಮೇಲೆ ತಮಗಿರುವ ಪ್ರೀತಿ ಬಲ್ಲ ನಾನು, ತಾವಿರುವ ಕಂಪ್ಯೂಟರಿಗೆ ಅದನ್ನೇ ದಾಖಲಿಸಿದ್ದೇನೆ.