ಕೆಮ್ಮಿನ ತನಕ ಕಥೆ

ಅಣಕಿಸುವ ಚಟ ತಂಬಾಕಿನ ಚಟಕ್ಕಿಂತ ಕೆಟ್ಟದ್ದು. ತಂಬಾಕು ತಿನ್ನುವವನ ಹಲ್ಲಷ್ಟೇ ಹಾಳು. ನನ್ನಿಂದ ಊರವರ ಮರ್ಯಾದೆಯೇ ಹಾಳು. ನರಗುಂದದ ಬಸ್ಸಿನ ಕಂಡಕ್ಟರು, ಓಣಿಯ ಹಾಲಿನಾಕೆ, ನಮ್ಮ ಹೆಡ್‌ಮಾಸ್ತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿ ಯಾವುದೆಂದು ಖಾತ್ರಿಯಿಲ್ಲ. ಒಮ್ಮೆ ಫೋನಿನಲ್ಲಿ ಯಾರೋ, ‘ನಿಮ್ಮವ್ವನ ಕೈಯಾಗ ಕೊಡವಾ ತಂಗಿ’ ಎಂದಿದ್ದರು. ಬಹುಶಃ ಅದೇ.

ನಮ್ಮ ಗುಡ್ಡದ ಕೆಳಗೆ ಸಂಸ್ಥಾನದ ಕಾಲದ ಹುಣಸೆ ಬನವಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಅಡ್ಡಾಡುವುದು ನಮ್ಮ ಮನೆಯ ನೇಮವಾಗಿತ್ತು. ಮುಂದೆ ಕಾಳಿನ ಅಂಗಡಿಯ ಅಪ್ಪ, ಹಿಂದೆ ರೊಟ್ಟಿ ಗಂಟಿನ ಅವ್ವ, ಆಮೇಲೆ ಮುಳ್ಳು ಚುಚ್ಚುವ ಮೊದಲೇ ‘ಯವ್ವಾ’ ಎನ್ನುವ ಅಕ್ಕ, ಕೊನೆಗೆ ಮೂವರ ನಡಿಗೆಯನ್ನೂ ನಕಲು ಮಾಡುತ್ತ ನಾನು. ಟೊಳ್ಳು ಬುಡದ ಒಂದು ಮರದ ಹತ್ತಿರ ಎಲ್ಲರೂ ನಿಲ್ಲಬೇಕು. ಅಪ್ಪ ರೊಟ್ಟಿಯ ಮೊದಲ ಚೂರನ್ನು ಬುಡದಲ್ಲಿಟ್ಟು, ಎರಡು ಸಲ ಕೆಮ್ಮಿ, ‘ನೋಡ್ರಪಾ, ಸಂಸ್ಥಾನದ ಕಾಲದಾಗ ನಮ್ಮ ಮುತ್ತಜ್ಜ ಈ ಗಿಡದ ಬುಡಕ...’ ಎಂದು ಶುರು ಮಾಡುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅದೇ ಕೆಮ್ಮು, ಅದೇ ಮುತ್ತಜ್ಜ.

ಅಕ್ಕನ ನಿಶ್ಚಯಕ್ಕೆ ಕೊಣ್ಣೂರಿನ ಬೀಗರು ಬಂದರು. ಊಟವಾದ ಮೇಲೆ ಒಬ್ಬರು, ‘ಏನರ ಮಾಡಿ ತೋರ್ಸಪಾ, ಭಾಳ ಚಲೋ ಮಾಡ್ತಿ ಅಂತ’ ಎಂದರು. ನನಗೆ ಎರಡನೇ ಸಲ ಹೇಳಬೇಕಿಲ್ಲ. ಅಪ್ಪನ ಟವೆಲ್ ಹೆಗಲಿಗೇರಿಸಿ, ಹಪ್ಪಳದ ಚೂರೊಂದನ್ನು ಕಂಬದ ಬುಡಕ್ಕಿಟ್ಟು, ಎರಡು ಸಲ ಕೆಮ್ಮಿ ‘ನೋಡ್ರಪಾ’ ಎಂದೆ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕರು, ಎಲ್ಲರಿಗಿಂತ ತುಸು ತಡವಾಗಿ.

ಮುಂದಿನ ಭಾನುವಾರ ಅವರು, ‘ಮೊಣಕಾಲ ಹಿಡದೈತಿ, ನೀವು ಹೋಗ್ರಿ’ ಎಂದರು. ವಿಚಿತ್ರ ಮೊಣಕಾಲು. ಅಂಗಡಿಗೂ ಸಂತೆಗೂ ಲಗುಬಗೆಯಿಂದ ನಡೆಯುತ್ತದೆ, ಬನದ ದಿಕ್ಕಿಗೆ ಮಾತ್ರ ನೋಯುತ್ತದೆ. ‘ಅವರಿಲ್ದ ನಾ ಬಂದೇನ ಮಾಡ್ಲಿ?’ ಎಂದು ಅವ್ವ ಉಳಿದಳು. ಅಕ್ಕ ಗಂಡನ ಮನೆಗೆ ಹೋದಳು.

ಈಗ ನಾನೊಬ್ಬನೇ ಹೋಗುತ್ತೇನೆ. ಮೂವರ ದನಿಯೂ ಗಂಟಲಲ್ಲಿರುವಾಗ ಒಂಟಿ ಎನ್ನಲು ನಾಚಿಕೆ. ‘ಯವ್ವಾ, ಮುಳ್ಳು’ ಎನ್ನುತ್ತೇನೆ. ‘ಕೆಳಗ ನೋಡಿ ನಡಿ’ ಎಂದು ಅವ್ವನಾಗಿ ಬೈಯುತ್ತೇನೆ. ಕೊಂಬೆಯ ಮೇಲಿನ ಮಂಗ ಸುಮ್ಮನೆ ನೋಡುತ್ತದೆ. ಅದಕ್ಕೂ ನಗು ಬರುವುದಿಲ್ಲ.

ಹೋದ ಭಾನುವಾರ ಯಾವಗಲ್‌ನ ಕುಟುಂಬವೊಂದು ಬನ ನೋಡಲು ಬಂದಿತ್ತು. ನಾನು ಬುಡಕ್ಕೆ ರೊಟ್ಟಿ ಇಡುವುದನ್ನು ಕಂಡು ಅವರ ಅಜ್ಜಿ, ‘ಇಲ್ಲೇ ಯಾಕ ಇಡ್ತಿ ತಮ್ಮಾ?’ ಎಂದಳು. ಎದೆಯುಬ್ಬಿಸಿ, ಎರಡು ಸಲ ಕೆಮ್ಮಿ, ‘ನೋಡ್ರಬೇ, ಸಂಸ್ಥಾನದ ಕಾಲದಾಗ ನಮ್ಮ ಮುತ್ತಜ್ಜ ಈ ಗಿಡದ ಬುಡಕ...’ ಎಂದೆ. ಅವರು ಕಾದರು. ನಾನೂ ಕಾದೆ. ಮುತ್ತಜ್ಜ ಬುಡದಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ನಾನು ಕೆಮ್ಮು ಕಲಿಯುತ್ತಿದ್ದೆ. ಕಥೆ ಕೇಳಿರಲೇ ಇಲ್ಲ.

ಮನೆಗೆ ಬಂದಾಗ ಅಪ್ಪ ಮೊರದಲ್ಲಿ ಕಡಲೆ ಆರಿಸುತ್ತಿದ್ದರು. ‘ಅಪ್ಪಾ, ಆ ಗಿಡದ ಬುಡಕ ಮುತ್ತಜ್ಜ ಏನ ಮಾಡಿದ್ದ?’

ಅವರು ತಲೆ ಎತ್ತಲಿಲ್ಲ. ‘ನೀನ ಹೇಳ್ತಿಯಲ್ಲೋ. ನನಗಿಂತ ಚಲೋ ಹೇಳ್ತಿ.’

‘ಇಲ್ಲಪಾ. ಖರೇ ಹೇಳ್ತೀನಿ, ನನಗ ಕೆಮ್ಮಿನ ತನಕ ಅಷ್ಟ ಬರ್ತೈತಿ.’

ಅಪ್ಪನ ಕೈ ನಿಂತಿತು. ಎರಡು ಸಲ ಕೆಮ್ಮಿದರು. ಕಥೆ ಕೇಳಲು ನಾನು ಎದುರಿಗೆ ಕೂತೆ.

‘ಧೂಳ’ ಎಂದು ಮೊರ ಕೊಡವಿದರು.

ಅಂದಿನಿಂದ ಕನ್ನಡಿಯ ಮುಂದೆ ಆ ‘ಧೂಳಿನ’ ಕೆಮ್ಮನ್ನು ಕೆಮ್ಮಿ ನೋಡುತ್ತಿದ್ದೇನೆ. ಅದೊಂದು ಮಾತ್ರ ನನಗೆ ಬರುತ್ತಿಲ್ಲ.