ಹತ್ತನೆಯ ತೋಟೆ

ಪಿಸ್ತೂಲಿನಿಂದ ಹೊರಟ ಗುಂಡು ಎಲ್ಲಿಗೆ ಹೋಯಿತೆಂದು ಸರಕಾರ ಕೇಳುವುದಿಲ್ಲ. ಗುಂಡು ಹಾರಿದ ಮೇಲೆ ಬಲಕ್ಕೆ ಚಿಮ್ಮಿ ಬೀಳುವ ಹಿತ್ತಾಳೆಯ ಖಾಲಿ ತೋಟೆ ಎಲ್ಲಿಗೆ ಹೋಯಿತೆಂದು ಮಾತ್ರ ಕೇಳುತ್ತದೆ. ಇದು ನ್ಯಾಯವೇ. ಹೋದ ಗುಂಡಿನಿಂದ ರಸೀದಿ ಪಡೆಯಲಾಗದು. ತೋಟೆಯನ್ನಾದರೆ ಡಬ್ಬಿಗೆ ಹಾಕಿ, ಅರಗಿನ ಮುದ್ರೆ ಒತ್ತಿ ಮೇಲಿನ ಕಚೇರಿಗೆ ಮರಳಿಸಬಹುದು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ನೇರಳಪದವು ಠಾಣೆಯಲ್ಲಿ ಈ ಸತ್ಯ ಎಲ್ಲರಿಗೂ ತಿಳಿದಿತ್ತು, ಎ.ಎಸ್.ಐ. ವಿನೋದಾ ಒಬ್ಬರನ್ನು ಬಿಟ್ಟು. ಅವರಿಗೆ ಗುರಿಯ ಹುಚ್ಚು. ಬೆಳಿಗ್ಗೆ ಠಾಣೆಗೆ ಬಂದವರೇ ಪಿಸ್ತೂಲಿನ ಗುಂಡು ತೆಗೆದಿಟ್ಟು, ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿ, ಗೋಡೆಯ ಕ್ಯಾಲೆಂಡರಿನ ಅಮಾವಾಸ್ಯೆಯ ಕಪ್ಪು ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಒತ್ತುವರು. ನಾಣ್ಯ ಅಲುಗುತ್ತಿರಲಿಲ್ಲ. ಯಾವುದೋ ಹರಕೆಯಿರಬೇಕೆಂದು ಸಹೋದ್ಯೋಗಿಗಳು ಸುಮ್ಮನಿದ್ದರು. ರಾಜ್ಯ ಪೊಲೀಸ್ ಶೂಟಿಂಗ್ ತಂಡದಲ್ಲಿ ಒಮ್ಮೆ ನಿಲ್ಲಬೇಕೆಂಬುದು ವಿನೋದಾ ಅವರ ಬಹುಕಾಲದ ಆಸೆ, ಈ ವರ್ಷ ಅವರ ಹೆಸರು ಹೋಗುವುದೂ ಇತ್ತು.

ಅಭ್ಯಾಸ ವರ್ಷಕ್ಕೊಮ್ಮೆ, ಕೆಂಪುಕಲ್ಲು ಕಡಿದ ಹಳೆಯ ಕೋರೆಯಲ್ಲಿ, ತಲೆಗೆ ಹತ್ತು ಗುಂಡು. ವಿನೋದಾ ಹೊಡೆದ ಹತ್ತೂ ನಡು ವೃತ್ತದೊಳಗೆ, ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ ಕೂತವು. ಅದನ್ನು ಯಾರೂ ನೋಡಲಿಲ್ಲ, ಯಾಕೆಂದರೆ ಸಿಕ್ಕಿದ ತೋಟೆ ಒಂಬತ್ತೇ. ಕೋರೆಯ ಹುಲ್ಲು ಕೊಯ್ದರು, ಮಣ್ಣು ಜರಡಿ ಹಿಡಿದರು. ಪಕ್ಕದ ಮನೆಯ ಅಮ್ಮಣಿಯ ಕೋಳಿಗಳ ಮೇಲೆ ಸಂಶಯ ಬಂದು, ಅವನ್ನು ಠಾಣೆಯಲ್ಲಿ ನಿಗಾದಲ್ಲಿಟ್ಟರು. ಮೊಟ್ಟೆಯ ಹೊರತು ಬೇರೇನೂ ಬರಲಿಲ್ಲ, ಬಂದದ್ದನ್ನು ವಶಪಡಿಸಿಕೊಳ್ಳಲಾಯಿತು. ಗುರಿಹಲಗೆಯ ಕಾಗದವನ್ನು ಹೆಡ್ ಕಾನ್‌ಸ್ಟೇಬಲ್ ಭೋಜ ಮಧ್ಯಾಹ್ನದ ಬುತ್ತಿಯ ಅಡಿಗೆ ಹಾಸಿದ್ದರು. ತೂತುಗಳಿಂದ ಬಂಗುಡೆಯ ಸಾರು ಸೋರಿತೆಂದು ಅವರು ಬೇಸರಪಟ್ಟುಕೊಂಡರು.

ಎಸ್.ಐ. ಮನೀಷ್ ವಿನೋದಾ ಅವರನ್ನು ಕರೆಸಿದರು. ಮೇಲಧಿಕಾರಿಗಳ ವಾರ್ಷಿಕ ತಪಾಸಣೆಯ ಒಳಗೆ ಹತ್ತನೆಯ ತೋಟೆ ಬಾರದಿದ್ದರೆ ಅಮಾನತು, ತಂಡದ ಪಟ್ಟಿಯಿಂದ ಹೆಸರು ರದ್ದು.

"ಗುಂಡು ಹೊಡೆಯಬೇಡಿ ಅಂತ ಇಲಾಖೆ ಹೇಳುವುದಿಲ್ಲ ಮೇಡಂ," ಎಂದರು ಅವರು ಸಮಾಧಾನದಿಂದ. "ಆದರೆ ಹೊಡೆಯದವರಿಗೆ ಏನಾದರೂ ತೊಂದರೆ ಆಗಿದೆಯಾ, ನೀವೇ ನೋಡಿ. ಭೋಜಣ್ಣ ಹತ್ತನ್ನೂ ಹಾಗೆಯೇ ವಾಪಸ್ ಕೊಟ್ಟರು. ಅವರಿಗೆ ಪ್ರಶಂಸಾಪತ್ರ ಉಂಟು."

"ನನ್ನ ಗುರಿ ಹೇಗಿತ್ತು ಸರ್?"

"ಅದನ್ನು ಕೇಳುವ ಕಾಲಂ ಇಲ್ಲ."

ಮರುದಿನ ಠಾಣೆಯ ಫಲಕದಲ್ಲಿ ಪ್ರಕಟಣೆ ಬಂತು: 'ಗುರಿ ಕೌಶಲ ಸುಧಾರಣೆಯ ಹಿತದೃಷ್ಟಿಯಿಂದ, ಇನ್ನು ಮುಂದೆ ಗುಂಡು ಹೊಡೆಯುವವರ ಬಲಬದಿಯಲ್ಲಿ ಬೈರಾಸು (ಮೈ ಒರೆಸುವ ವಸ್ತ್ರ) ಹಿಡಿದ ಒಬ್ಬ ಸಿಬ್ಬಂದಿ ನಿಲ್ಲತಕ್ಕದ್ದು. ಹಾರುವ ತೋಟೆಯನ್ನು ನೆಲ ಮುಟ್ಟುವ ಮೊದಲೇ ಹಿಡಿಯತಕ್ಕದ್ದು. ಪೂರ್ಣ ಅಂಕಗಳು ಹಿಡಿದವರಿಗೆ ಸಲ್ಲತಕ್ಕದ್ದು.' ಅಂದಿನಿಂದ ಅಂಗಳದಲ್ಲಿ ದಿನಾ ಅಭ್ಯಾಸ. ಭೋಜ ಹಳೆಯ ತೋಟೆಗಳನ್ನು ಮೇಲಕ್ಕೆ ಎಸೆಯುವರು, ಉಳಿದವರು ಬೈರಾಸು ಬಿಡಿಸಿಕೊಂಡು ಹಾರುವರು. ಗುಂಡು ಖರ್ಚಿಲ್ಲ, ಸದ್ದಿಲ್ಲ. ಜಿಲ್ಲೆಯಲ್ಲೇ ಇಷ್ಟು ಪಳಗಿದ ಠಾಣೆ ಇನ್ನೊಂದಿಲ್ಲವೆಂದು ಮನೀಷ್ ವರದಿ ಕಳಿಸಿದರು. ವಿನೋದಾ ಅವರೂ ಹಾರಿದರು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ?

ತಪಾಸಣೆಗೆ ಎರಡು ದಿನ ಇರುವಾಗ ವಿನೋದಾ ಮತ್ತು ಭೋಜ ಬೀಟಿನ ನಡುವೆ ಯಾಕೂಬ್ ಅವರ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದರು. ತೋಡಾರಿನವರಾದ ಯಾಕೂಬ್ ನೇರಳಪದವಿನಲ್ಲಿ ಕಾಳುಮೆಣಸು ಖರೀದಿ ಮಾಡುವವರು. ಆಗ ಹೆಲ್ಮೆಟ್ ಹಾಕಿದವನೊಬ್ಬ ಒಳಗೆ ಬಂದು ಪಿಸ್ತೂಲು ತೆಗೆದ. ಎಲ್ಲರಿಗೂ ಅರ್ಥವಾಗಲೆಂದು ಮೆಣಸಿನ ಗೋಣಿಗೆ ಒಂದು ಗುಂಡು ಹೊಡೆದು, ಗಲ್ಲೆಯ ಹಣದ ಚೀಲ ಎತ್ತಿಕೊಂಡು ಬಾಗಿಲಿಗೆ ತಿರುಗಿದ.

ವಿನೋದಾ ಅವರ ಪಿಸ್ತೂಲು ಕೈಗೆ ಬಂದಾಗಿತ್ತು. ಕಳ್ಳನ ತೊಡೆ ನೇರಕ್ಕಿತ್ತು, ಹಿಂದೆ ರಸ್ತೆ ಖಾಲಿ. ಆ ಗಳಿಗೆಯಲ್ಲಿ ನಳಿಗೆಯ ಮೇಲೆ ನಾಣ್ಯ ಇಟ್ಟಿದ್ದರೂ ಬೀಳುತ್ತಿರಲಿಲ್ಲ. ಇಷ್ಟು ವರ್ಷ ಅಮಾವಾಸ್ಯೆಗೆ ಹೊಡೆದದ್ದು ಇದಕ್ಕೇ ಎಂದು ಅವರ ಎದೆ ತುಂಬಿ ಬಂತು. ಆಗಲೇ ಕಣ್ಣಂಚಿನಲ್ಲಿ ಕಳ್ಳನ ಖಾಲಿ ತೋಟೆ ತಕ್ಕಡಿಯ ತಟ್ಟೆಯಿಂದ ಜಾರಿ, ನೆಲಕ್ಕೆ ಬಿದ್ದು, ಹೊಸ್ತಿಲಾಚೆಯ ಚರಂಡಿಯ ಕಡೆಗೆ ಉರುಳುವುದು ಕಂಡಿತು. ಹಿತ್ತಾಳೆಯದು. ಅವರು ಕಳೆದುಕೊಂಡ ತೋಟೆಯದ್ದೇ ಅಳತೆ.

ವಿನೋದಾ ಪಿಸ್ತೂಲನ್ನು ಒರೆಗೆ ಸೇರಿಸಿ ನೆಲಕ್ಕೆ ಬಿದ್ದರು. ಭೋಜ ಆಚೆಯಿಂದ ಬೈರಾಸು ಬೀಸಿದರು. ಕಳ್ಳ ಇಬ್ಬರನ್ನೂ ದಾಟಿಕೊಂಡು, ಯಾರನ್ನೂ ಮೆಟ್ಟದೆ, ಬೈಕು ಹತ್ತಿ ಹೋದ.

ಗುಂಡಿನ ಸದ್ದು ಕೇಳಿ ಠಾಣೆಯಿಂದ ಮನೀಷ್ ಓಡಿ ಬಂದರು. "ಸಿಕ್ಕಿತಾ?"

"ತಪ್ಪಿಸಿಕೊಂಡ ಸರ್."

"ಅವನಲ್ಲ ಮೇಡಂ."

ವಿನೋದಾ ಮುಷ್ಟಿ ಬಿಚ್ಚಿದರು. ಮನೀಷ್ ತೋಟೆಯನ್ನು ಬೆಳಕಿಗೆ ಹಿಡಿದು ನೋಡಿ, ಕರವಸ್ತ್ರದಲ್ಲಿ ಕಟ್ಟಿಕೊಂಡರು. "ಹತ್ತು ಆಯ್ತು," ಎಂದರು.

ಯಾಕೂಬ್ ಸೀನುತ್ತ ಎದ್ದು ಬಂದರು. ಅಂಗಡಿಯ ತುಂಬ ಮೆಣಸಿನ ಹುಡಿ ಹಾರುತ್ತಿತ್ತು. "ಸಾರ್, ನನ್ನ ಹಣದ ಚೀಲ ಹೋಯಿತಲ್ಲ. ಕಂಪ್ಲೇಂಟ್ ಬರೆಯಬೇಕಿತ್ತು."

"ಬರೆಯುವ ಯಾಕೂಬಾಕ, ಅಡ್ಡಿ ಇಲ್ಲ," ಎಂದರು ಮನೀಷ್. "ಆದರೆ ಈ ತೋಟೆ ನಮ್ಮ ವಾರ್ಷಿಕ ಅಭ್ಯಾಸದ್ದು. ಹಾಗಾಗಿ ಇಲ್ಲಿ ನಡೆದದ್ದೂ ಅಭ್ಯಾಸವೇ ಆಗ್ತದೆ. ದರೋಡೆ ಅಂತ ಬರೆದರೆ ಗೋಣಿ ಸಾಕ್ಷಿ, ತಕ್ಕಡಿ ಸಾಕ್ಷಿ, ಅಂಗಡಿಯೇ ಸಾಕ್ಷಿ. ಕೇಸು ಮುಗಿಯುವವರೆಗೆ ಬೀಗ ಹಾಕಬೇಕಾಗ್ತದೆ."

"ಹಣದ ಚೀಲ?"

"ಅಭ್ಯಾಸದ ಜಾಗದಲ್ಲಿ ಬೆಲೆಬಾಳುವ ವಸ್ತು ಇಡಬಾರದು ಅಂತ ನಿಯಮ ಉಂಟು. ಈ ಸಲ ನಾವು ದಂಡ ಹಾಕುವುದಿಲ್ಲ."

ಯಾಕೂಬ್ ವಿನೋದಾ ಅವರ ಮುಖ ನೋಡಿದರು. ವಿನೋದಾ ಸಮವಸ್ತ್ರದ ಮಣ್ಣು ಕೊಡವಿಕೊಳ್ಳುತ್ತಿದ್ದರು. ಕೊಡವಿದಷ್ಟೂ ಇತ್ತು.

ಮೆಣಸಿಗೆ ಒಳ್ಳೆಯ ಧಾರಣೆ ಇದ್ದ ಕಾಲ. ಯಾಕೂಬ್ ಯೋಚಿಸಿದರು. "ಕಳ್ಳ ಒಂದು ಚೀಲ ಕೊಂಡುಹೋದ. ಕೇಸು ಅಂಗಡಿಯನ್ನೇ ಕೊಂಡುಹೋಗ್ತದೆ. ಅಭ್ಯಾಸ ಅಂತಲೇ ಬರೆಯಿರಿ ಸಾರ್. ಇನ್ನೊಮ್ಮೆ ಅಭ್ಯಾಸ ಇದ್ದರೆ ಮೊದಲೇ ಒಂದು ಮಾತು ಹೇಳಿ, ಅಷ್ಟೇ."

ತಪಾಸಣೆ ಸುಸೂತ್ರವಾಗಿ ನಡೆಯಿತು. ಮೇಲಧಿಕಾರಿಗಳು ಡಬ್ಬಿ ತೆರೆದು ಎಣಿಸಿ ಸಂತೋಷಪಟ್ಟರು. ಮೆಣಸಿನ ಗೋಣಿಯನ್ನು ಮರಳಚೀಲವೆಂದೂ, ಯಾಕೂಬ್ ಅವರ ಅಂಗಡಿಯನ್ನು ಠಾಣೆಯ ಎರಡನೆಯ ಅಭ್ಯಾಸ ಮೈದಾನವೆಂದೂ ಮಾನ್ಯ ಮಾಡಿದರು. ವಿನೋದಾ ಅವರ ಹೆಸರು ರಾಜ್ಯ ತಂಡಕ್ಕೆ ಹೋಯಿತು, ತೋಟೆ ಹಿಡಿಯುವವರ ವಿಭಾಗದಲ್ಲಿ. ಬಹುಮಾನವಾಗಿ ಜರಿಯಂಚಿನ ಬೈರಾಸು ಸಿಕ್ಕಿತು. ಕ್ಯಾಲೆಂಡರಿನ ಎದುರು ಅವರು ಮತ್ತೆ ನಿಲ್ಲಲಿಲ್ಲ. ನಾಣ್ಯವನ್ನು ಯಾರಿಗೋ ಚಾಕ್ಕೆ ಚಿಲ್ಲರೆಯಾಗಿ ಕೊಟ್ಟುಬಿಟ್ಟರು.

ಮಳೆಗಾಲ ಮುಗಿದ ಮೇಲೆ, ವಿನೋದಾ ಮತ್ತು ಭೋಜ ಅದೇ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದ ಒಂದು ದಿನ, ಹೆಲ್ಮೆಟಿನವನು ಪುನಃ ಬಂದ. ಯಾಕೂಬ್ ಹಣದ ಚೀಲವನ್ನು ಮೇಜಿನ ಮೇಲಿಟ್ಟು ಕಿವಿ ಮುಚ್ಚಿಕೊಂಡರು. ಭೋಜ ಚಾದ ಲೋಟ ಕೆಳಗಿಟ್ಟು ಅವನ ಬಲಬದಿಗೆ ಹೋಗಿ ಬೈರಾಸು ಬಿಡಿಸಿದರು. ಅವನೂ ತಿಳಿದವನು, ಭೋಜ ಸರಿಯಾಗಿ ನಿಲ್ಲುವವರೆಗೆ ಕಾದು, ಗೋಣಿಗೆ ಹೊಡೆದ. ತೋಟೆ ನೆಲ ಮುಟ್ಟಲಿಲ್ಲ. ಬರುವ ವರ್ಷದ ಲೆಕ್ಕಕ್ಕೆ ಒಂದು ಮುಂಗಡವಾಯಿತೆಂದು ಭೋಜ ಅದನ್ನು ಕಿಸೆಗೆ ಹಾಕಿಕೊಂಡರು.

ವಿನೋದಾ ಎದ್ದು ಹೋಗಿ ಗೋಣಿಯ ತೂತು ನೋಡಿದರು. ಹಳೆಯ ತೂತಿನಿಂದ ನಾಲ್ಕು ಬೆರಳಷ್ಟೇ ದೂರ. ಆ ಠಾಣೆಯ ಸರಹದ್ದಿನಲ್ಲಿ ನಿಜವಾಗಿ ಗುಂಡು ಹೊಡೆದು ಕೈ ಪಳಗಿಸಿಕೊಳ್ಳುತ್ತಿದ್ದವನು ಅವನೊಬ್ಬನೇ. ಅವರಿಗೆ ಹೊಟ್ಟೆಯುರಿಯಿತು.

"ಮೊಣಕೈ ಸಡಿಲ ಉಂಟು," ಎಂದರು ಅವರು. "ಟ್ರಿಗರ್ ಎಳೆಯಬೇಡ, ಮೆಲ್ಲ ಒತ್ತು. ಮನೆಯಲ್ಲಿ ನಳಿಗೆಯ ಮೇಲೆ ನಾಣ್ಯ ಇಟ್ಟು ದಿನಾ ಅಭ್ಯಾಸ ಮಾಡು."

"ಆಯ್ತು ಮೇಡಂ," ಎಂದ ಅವನು, ಚೀಲ ಎತ್ತಿಕೊಂಡು. ಬಾಗಿಲವರೆಗೆ ಹೋದವನು ತಿರುಗಿ ಬಂದ. "ಒಂದು ರೂಪಾಯಿ ಚಿಲ್ಲರೆ ಉಂಟಾ?"

ಯಾಕೂಬ್ ಗಲ್ಲೆ ತಡಕಿ ಕೊಟ್ಟರು.